ಹಿತ್ತಿಲಿಗೆ ಮರ ಕೊಳ್ಳುವ ಮೊದಲು

ಅಮೆರಿಕದ ರಾಲಿ ನಗರದ ಹತ್ತಿರ ಸ್ವಂತ ಮನೆ ಕೊಂಡ ಸಂತೋಷವನ್ನು ತಿಳಿಸಿ, ‘ಅಕ್ಕಾ, ಹಿತ್ತಿಲು ಬೋಳಾಗಿದೆ, ಮುಂದಿನ ಬೇಸಗೆಯಲ್ಲಿ ಅಪ್ಪ ಅಮ್ಮ ಕಾಸರಗೋಡಿನ ನೀರ್ಚಾಲಿನಿಂದ ಬರುವಾಗ ಕುಳಿತುಕೊಳ್ಳಲು ನೆರಳು ಬೇಕು, ಮನೆಯವರೆಲ್ಲ ಸೇರಿ ನಾವೇ ನೆಡುವುದೆಂದಿದ್ದೇವೆ, ಯಾವ ಮರ, ಎಷ್ಟು ದೊಡ್ಡದು ಕೊಳ್ಳಲಿ?’ ಎಂದು ಕೇಳಿದ್ದೀರಿ. ನಾನೂ ಅದೇ ಕಡೆಯ ಪೆರ್ಲದವಳು, ರಾಲಿ ಇರುವ ಈ ಉತ್ತರ ಕೆರೊಲಿನಾ ರಾಜ್ಯಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು. ತೋಟದ ನಡುವೆ ಬೆಳೆದವರಿಗೆ ಗಿಡ ನೆಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಧೈರ್ಯ ಇರುತ್ತದೆ. ಇಲ್ಲಿ ನಾನು ನೆಟ್ಟ ಮೊದಲ ಮರ ಸತ್ತದ್ದು ಆ ಧೈರ್ಯದಿಂದಲೇ. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಇಲ್ಲಿನ ಮಣ್ಣು ನಮ್ಮೂರಿನದರಂತೆಯೇ ಕೆಂಪು. ಅದನ್ನು ಕಂಡಾಗ ನನಗೆ ನೆನಪಾದದ್ದು ಅಪ್ಪ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರವಾದ ಸಿಪಿಸಿಆರ್‌ಐಯಿಂದ ತೆಂಗಿನ ಸಸಿ ತಂದು ನೆಡುತ್ತಿದ್ದ ಕ್ರಮ: ಮುರಕಲ್ಲಿನ ನೆಲದಲ್ಲಿ ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಆಳದ ಹೊಂಡ ತೆಗೆದು, ಕಲ್ಲು ಮೆತ್ತಗಾಗಲೆಂದು ಉಪ್ಪು ಹಾಕಿ, ಅರ್ಧದವರೆಗೆ ಮೇಲ್ಮಣ್ಣು ತುಂಬಿ, ನೆಲಮಟ್ಟದಿಂದ ಎರಡಡಿ ಕೆಳಗೆ ಸಸಿಯನ್ನು ಕೂರಿಸುವುದು. ನಾನೂ ನನ್ನ ಗಂಡನೂ ಎರಡು ದಿನ ಅಗೆದು, ಬೇರಿಗೆ ಗೋಣಿ ಸುತ್ತಿದ್ದ ಆಳೆತ್ತರದ ಡಾಗ್‌ವುಡ್ ಮರವನ್ನು ಹಾಗೆಯೇ ಆಳಕ್ಕೆ ಇಳಿಸಿ, ಬುಡಕ್ಕೆ ಮಣ್ಣು ಏರಿಸಿದೆವು. ಎರಡನೆಯ ಬೇಸಗೆಗೆ ಎಲೆಗಳು ಅಂಚಿನಿಂದ ಕಂದಿ ಮುದುಡಿದವು. ಕಿತ್ತು ನೋಡಿದಾಗ ಹೊಂಡದ ತಳದಲ್ಲಿ ನೀರು ನಿಂತಿತ್ತು. ಬೇರು ಕಪ್ಪಾಗಿ ಕೊಳೆತ ವಾಸನೆ ಬರುತ್ತಿತ್ತು. ಮಣ್ಣಿನಲ್ಲಿ ಹೂತಿದ್ದ ಬುಡದ ತೊಗಟೆ ಉಗುರಿನಿಂದ ಕೆರೆದರೆ ಕಳಚಿ ಬರುವಷ್ಟು ಮೆತ್ತಗಾಗಿತ್ತು.

ಬಣ್ಣ ಒಂದೇ ಆದರೂ ಈ ಮಣ್ಣು ಮುರಕಲ್ಲಿನಂತೆ ನೀರನ್ನು ಕೆಳಗೆ ಬಿಟ್ಟುಕೊಡುವುದಿಲ್ಲ. ಇದು ಅಂಟಾದ ಜೇಡಿ. ಆಳದ ಹೊಂಡ ತೆಗೆದರೆ ಅದು ನೀರು ತುಂಬಿದ ಬಾನಿಯಂತೆ ಆಗುತ್ತದೆ. ಇನ್ನೊಂದು ಕಾರಣ ಮರದ ಜಾತಿಯಲ್ಲೇ ಇದೆ. ತೆಂಗು ಅಡಿಕೆಗಳಿಗೆ ಬೇರು ಹುಟ್ಟುವುದು ಕಾಂಡದ ಬುಡದಿಂದಲೇ ಆದ್ದರಿಂದ, ಮಣ್ಣು ಏರಿಸಿದಂತೆಲ್ಲ ಹೊಸ ಬೇರು ಹೊರಡುತ್ತದೆ. ಡಾಗ್‌ವುಡ್, ಮೇಪಲ್, ಓಕ್‌ಗಳು ಹಾಗಲ್ಲ. ಕಾಂಡ ಅಗಲವಾಗಿ ಬೇರಾಗಿ ಕವಲೊಡೆಯುವ ಜಾಗಕ್ಕೆ ಗಾಳಿ ಬೇಕು, ಅದು ಕಣ್ಣಿಗೆ ಕಾಣುವಂತಿರಬೇಕು. ನರ್ಸರಿಯಿಂದ ಬಂದ ಮರದಲ್ಲೇ ಆ ಜಾಗ ಎಷ್ಟೋ ಸಲ ಮಣ್ಣಿನಡಿ ಹೂತಿರುತ್ತದೆ. ಮೇಲಿನ ಮಣ್ಣನ್ನು ಕೈಯಿಂದ ಬಿಡಿಸಿ ಅದನ್ನು ಹುಡುಕಿಕೊಳ್ಳಿ. ಹೊಂಡ ಬೇರು ಮಣ್ಣು ಕೂಡಿದ ಉಂಡೆಯ ಎರಡು ಮೂರು ಪಟ್ಟು ಅಗಲವಿರಲಿ, ಆಳ ಮಾತ್ರ ಉಂಡೆಯಷ್ಟೇ ಇರಲಿ, ಒಂದೆರಡು ಅಂಗುಲ ಮೇಲೆ ನಿಂತರೂ ಒಳ್ಳೆಯದೇ. ಅಗೆದ ಮಣ್ಣನ್ನೇ ಮುಚ್ಚಿ, ಅಡಿಕೆ ಬುಡಕ್ಕೆ ದರಗು ಹಾಕಿದಂತೆ ಒಣ ಎಲೆ, ತೊಗಟೆ ಚೂರುಗಳ ಮುಚ್ಚಿಗೆಯನ್ನು ಎರಡು ಮೂರು ಅಂಗುಲ ಹರಡಿ. ಆದರೆ ಅದು ಕಾಂಡಕ್ಕೆ ತಾಗಬಾರದು. ಇಲ್ಲಿನ ಎಷ್ಟೋ ಮನೆಗಳಲ್ಲಿ ಮರದ ಬುಡಕ್ಕೆ ಮುಚ್ಚಿಗೆಯನ್ನು ಗುಡ್ಡೆಯಂತೆ ಪೇರಿಸಿರುವುದು ನಿಮಗೆ ಕಾಣಿಸುತ್ತದೆ; ಅದನ್ನು ನೋಡಿ ಕಲಿಯಬೇಡಿ.

ಮುಂದಿನ ಬೇಸಗೆಗೇ ನೆರಳು ಬೇಕೆಂದು ದೊಡ್ಡ ಮರಕ್ಕೆ ಸಾವಿರಾರು ಡಾಲರ್ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಹೊಲದಿಂದ ಕಿತ್ತ ಮರ ತನ್ನ ಬೇರಿನ ಬಹುಪಾಲನ್ನು ಅಲ್ಲಿಯೇ ಬಿಟ್ಟು ಬಂದಿರುತ್ತದೆ. ಮರ ದೊಡ್ಡದಾದಷ್ಟೂ ಚೇತರಿಸಿಕೊಳ್ಳಲು ಹೆಚ್ಚು ಕಾಲ ಹಿಡಿಯುತ್ತದೆ. ಎರಡು ಮೂರು ಸಣ್ಣ ಮರ ಕೊಂಡು, ಉಳಿದ ಹಣದಲ್ಲಿ ಉದ್ದದ ನೀರಿನ ಪೈಪನ್ನೂ ಒಳ್ಳೆಯ ಗುದ್ದಲಿಯನ್ನೂ ಕೊಳ್ಳಿ. ಮುಂದಿನ ಬೇಸಗೆಯ ನೆರಳಿಗೆ ಬಸಳೆ ಚಪ್ಪರ ಹಾಕಿ. ಇಲ್ಲಿನ ಬೇಸಗೆಯ ಸೆಕೆ ಬಸಳೆಗೆ ಬಹಳ ಹಿಡಿಸುತ್ತದೆ. ಮೇ ತಿಂಗಳಲ್ಲಿ ನೆಟ್ಟ ಬಳ್ಳಿ ಆಗಸ್ಟ್ ಹೊತ್ತಿಗೆ ಚಪ್ಪರ ಮುಚ್ಚುತ್ತದೆ. ನನ್ನ ಅತ್ತೆಯವರು ಇಲ್ಲಿದ್ದ ಆರು ತಿಂಗಳೂ ಮಧ್ಯಾಹ್ನ ಆ ಚಪ್ಪರದಡಿ ಕುಳಿತಿದ್ದರು. ಊರಿನ ಬೇಸರ ಅವರಿಗೆ ಕಡಿಮೆಯಾದದ್ದು ಅಲ್ಲಿಯೇ.

ಜಾತಿಯ ಆಯ್ಕೆಯಲ್ಲಿ ಮಾವು ಹಲಸುಗಳ ಆಸೆಯನ್ನು ಬಿಡಬೇಕಾಗುತ್ತದೆ, ಚಳಿಗಾಲದ ಹಿಮ ಅವುಗಳನ್ನು ಉಳಿಸುವುದಿಲ್ಲ. ಕರಿಬೇವನ್ನು ಕುಂಡದಲ್ಲಿಟ್ಟು ಚಳಿಗೆ ಒಳಗೆ ತನ್ನಿ. ಅದರ ಗಿಡವನ್ನಾಗಲಿ ಹಸಿ ಸೊಪ್ಪನ್ನಾಗಲಿ ಊರಿನಿಂದ ತರುವಂತಿಲ್ಲವೆಂದು ಅಪ್ಪ ಅಮ್ಮನಿಗೆ ಮೊದಲೇ ಹೇಳಿಬಿಡಿ. ರೆಡ್‌ಬಡ್, ಅಂಜೂರ, ಜಪಾನಿನ ಪರ್ಸಿಮನ್ ಇವು ಸಣ್ಣ ಹಿತ್ತಿಲಿಗೆ ಒಪ್ಪುತ್ತವೆ. ವಿಲ್ಲೋ ಓಕ್ ಚೆಲುವಾದ ಮರ, ಆದರೆ ಅರುವತ್ತು ಅಡಿ ದಾಟುತ್ತದೆ. ಅಡಿಕೆಗೆ ಒಂಬತ್ತು ಅಡಿ, ತೆಂಗಿಗೆ ಇಪ್ಪತ್ತೈದು ಅಡಿ ಅಂತರ ಎಂದು ಲೆಕ್ಕ ಹಾಕುವ ನಾವು ಇಲ್ಲಿ ಸಸಿಯ ಗಾತ್ರ ನೋಡಿ ಮೋಸಹೋಗುತ್ತೇವೆ. ಮರ ಬೆಳೆದಾಗ ಎಷ್ಟು ಹರಡುತ್ತದೆಯೋ ಅಷ್ಟು ದೊಡ್ಡ ವೃತ್ತವನ್ನು ಹಗ್ಗದಿಂದ ಹುಲ್ಲಿನ ಮೇಲೆ ಹಾಕಿ, ಮಕ್ಕಳನ್ನು ಅದರ ಅಂಚಿನಲ್ಲಿ ನಿಲ್ಲಿಸಿ ನೋಡಿ. ಬ್ರಾಡ್‌ಫರ್ಡ್ ಪೇರ್ ಎಂಬುದನ್ನು ಮಾತ್ರ ಯಾರು ಅಗ್ಗಕ್ಕೆ ಕೊಟ್ಟರೂ ಬೇಡ. ಅದು ಕಾಡಿಗೆ ಹಬ್ಬಿ ಬೇರೆ ಗಿಡಗಳನ್ನು ಅಡಗಿಸುತ್ತದೆ, ನೆರೆಯ ದಕ್ಷಿಣ ಕೆರೊಲಿನಾದಲ್ಲಿ 2024ರಿಂದ ಅದರ ಮಾರಾಟವೇ ನಿಷಿದ್ಧ.

ನಿಮ್ಮ ಬಡಾವಣೆಯಲ್ಲಿ ಮನೆಮಾಲೀಕರ ಸಂಘವಿದ್ದರೆ ಅದರ ಒಪ್ಪಿಗೆ ಬರಹದಲ್ಲಿ ಬರಲಿ. ಅಗೆಯುವ ಮೊದಲು, ನೆಲದಡಿಯ ತಂತಿ ಕೊಳವೆಗಳು ಎಲ್ಲಿವೆಯೆಂದು ಗುರುತಿಸಿಕೊಡುವ 811 ಸೇವೆಗೆ ಕರೆ ಮಾಡಿ, ಮೂರು ಕೆಲಸದ ದಿನ ಬಿಟ್ಟುಬಿಡಿ. ಹಣ ತೆಗೆದುಕೊಳ್ಳದೆ ನೆಲದಡಿಯ ಗ್ಯಾಸಿಗೆ ಹಳದಿ, ವಿದ್ಯುತ್ತಿಗೆ ಕೆಂಪು, ನೀರಿಗೆ ನೀಲಿ ಗುರುತು ಹಾಕಿ ಹೋಗುತ್ತಾರೆ. ಅಂಗಳದಲ್ಲಿ ಎಲ್ಲಿ ಬೇಕಾದರೂ ಹಾರೆ ಹಾಕಿ ಅಭ್ಯಾಸವಾದ ನಮಗೆ ಇದು ಹೊಸದು, ಆದರೆ ಇದನ್ನು ಬಿಡಲೇಬಾರದು.

ಅಕ್ಟೋಬರ್ ನವೆಂಬರ್ ನೆಡುವುದಕ್ಕೆ ಒಳ್ಳೆಯ ಕಾಲ. ಮರವನ್ನು ಹೊಂಡಕ್ಕೆ ಇಳಿಸಿದ ಮೇಲೆ, ಮಣ್ಣು ಮುಚ್ಚುವ ಮೊದಲು, ಹೊಂಡದ ಮೇಲೆ ಗುದ್ದಲಿಯ ಕಾವನ್ನು ಅಡ್ಡ ಇಟ್ಟು ಬುಡದ ಫೋಟೋ ತೆಗೆದು ನನಗೆ ಕಳುಹಿಸಿ. ಬುಡ ಆ ಕಾವಿಗಿಂತ ಕೆಳಗಿದ್ದರೆ ಆಗಲೇ ಹೇಳುತ್ತೇನೆ.