"ನಮ್ಮನೆಯವಳು ರಾಶಿ ಚೊಲೋ ಫೋಟೋ ತೆಗೀತಾಳೆ": ಒಂದು ಆಪ್ತಸಲಹೆ ಪ್ರಕರಣ

ಹವ್ಯಾಸಕ್ಕೆ ಮನೆಯಲ್ಲಿ ವಿರೋಧ ಇದೆ ಅಂತ ನನ್ನ ಹತ್ತಿರ ಬರುವವರು ಸುಮಾರು ಜನ. ದುಡ್ಡು ಹಾಳು, ಟೈಮ್ ಹಾಳು, ಇದರಿಂದ ಎಂತ ಬಂತು ಅನ್ನುವ ಮಾತು ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಇರುತ್ತದೆ. ಈ ಪ್ರಕರಣ ಅದಕ್ಕೆ ಉಲ್ಟಾ. ಇಲ್ಲಿ ಯಾರೂ ಬೈಯಲಿಲ್ಲ. ಮನೆಯವರಿಗೆ, ನೆಂಟರಿಗೆ, ಇಡೀ ಕೇರಿಗೆ ಇವರ ಫೋಟೋ ಇಷ್ಟ. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಅವರನ್ನು ಗಂಗಾ ಅಂತ ಕರೆಯೋಣ. ಹೆಸರು, ವಯಸ್ಸು, ಕೆಲಸ ಎಲ್ಲ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ. ಶಿರಸಿ ಹತ್ತಿರದ ಹಳ್ಳಿ, ನಲವತ್ತರ ಆಸುಪಾಸು, ಪೇಟೆಯ ಒಂದು ಕಚೇರಿಯಲ್ಲಿ ಕೆಲಸ. ಗಂಡ ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಮಗಳು ಪಿಯುಸಿ. ಅತ್ತೆ ಇದ್ದಾರೆ, ಕೊಟ್ಟಿಗೆಯಲ್ಲಿ ದನ ಇವೆ.

ಕರೆದುಕೊಂಡು ಬಂದವರು ಗಂಡ. "ಮೇಡಂ, ಇವಳಿಗೆ ಡಿಪ್ರೆಶನ್ ಆಗಿದೆ ಅಂತ ಕಾಣ್ತದೆ. ಕ್ಯಾಮರಾ ಅಂದ್ರೆ ಜೀವ ಬಿಡ್ತಿದ್ದಳು. ಈಗ ತಿಂಗಳುಗಟ್ಟಲೆ ಬ್ಯಾಗೇ ಬಿಚ್ಚಿಲ್ಲ. ಮೊನ್ನೆ ನಾನೇ ತೆಗೆದು ನೋಡಿದೆ, ಲೆನ್ಸಿನ ಒಳಗೆ ಫಂಗಸ್. ಲಕ್ಷದ ಹತ್ತಿರದ ಲೆನ್ಸು!" ಗಂಗಾ ಪಕ್ಕದಲ್ಲಿ ಕೂತು ಸೆರಗಿನ ಅಂಚು ಮಡಚುತ್ತಿದ್ದರು. ಒಂದು ಮಾತೂ ಆಡಲಿಲ್ಲ.

ಗಂಡನನ್ನು ಹೊರಗೆ ಕೂರಿಸಿ ಗಂಗಾ ಒಬ್ಬರನ್ನೇ ಮಾತಾಡಿಸಿದೆ. ಖಿನ್ನತೆ ಅಂತ ಹೇಳಬೇಕಾದರೆ ಎರಡು ವಾರವಾದರೂ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿರಬೇಕು, ಇಲ್ಲಾ ಹೆಚ್ಚುಕಡಿಮೆ ಎಲ್ಲದರಲ್ಲೂ ಆಸಕ್ತಿ ಹೋಗಿರಬೇಕು, ಜೊತೆಗೆ ನಿದ್ದೆ, ಹಸಿವು, ಗಮನ ಇವೆಲ್ಲ ಕೆಟ್ಟಿರಬೇಕು. ಹಾಗಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ದೂರದ ಹಳ್ಳಿಯವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಕೊಡುತ್ತೇನೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆದರೆ ಗಂಗಾ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು. ಊಟ ಸರಿ ಇತ್ತು. ಶನಿವಾರದ ಭಜನೆ ತಪ್ಪಿಸುತ್ತಿರಲಿಲ್ಲ. ಮಗಳ ಜೊತೆ ನಗು, ಜಗಳ ಎರಡೂ ಮಾಮೂಲಿನಂತೆ ಇತ್ತು. ಬೇಸರ ಇದ್ದಿದ್ದು ಕ್ಯಾಮರಾ ಮೇಲೆ ಮಾತ್ರ. ಆ ಬ್ಯಾಗು ಕಂಡರೆ ಹೊಟ್ಟೆ ತೊಳೆಸಿದ ಹಾಗೆ ಆಗುತ್ತದೆ ಅಂದರು.

ಹಾಗಾದರೆ ಮೊದಲು ಎಂತ ಇಷ್ಟ ಇತ್ತು ಅಂತ ಕೇಳಿದೆ.

ಸೋಂದಾ ಹತ್ತಿರ ಮುಂಡಿಗೆಕೆರೆ ಇದೆಯಲ್ಲ, ಕೆರೆ ತುಂಬಾ ಮುಂಡಿಗೆ ಗಿಡ, ಮಳೆಗಾಲದಲ್ಲಿ ಅದರ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಇವರು ಹಕ್ಕಿ ಫೋಟೋ ಕಲಿತಿದ್ದು ಅಲ್ಲೇ. ಮೊದಲ ಸಲ ತೆಗೆದ ಹಕ್ಕಿಗಳೆಲ್ಲ ಸುಣ್ಣ ಬಳಿದ ಗೋಡೆ ಥರ ಬಂದವಂತೆ, ಒಂದು ಪುಕ್ಕವೂ ಕಾಣಲಿಲ್ಲವಂತೆ. ಯಾಕೆ ಅಂತ ನನಗೆ ವಿವರಿಸಿದರು. ಸುತ್ತ ಮೋಡದ ಮಬ್ಬು, ಕಡು ಹಸಿರು. ಕ್ಯಾಮರಾದ ಮೀಟರ್ ಆ ಕತ್ತಲೆಯನ್ನು ನೋಡಿ ಬೆಳಕು ಸಾಲದು ಅಂದುಕೊಂಡು ಜಾಸ್ತಿ ಎಳೆದುಕೊಳ್ಳುತ್ತದೆ, ಮಧ್ಯದ ಬಿಳಿ ಹಕ್ಕಿ ಸುಟ್ಟುಹೋಗುತ್ತದೆ. ಆಗ ಎಕ್ಸ್‌ಪೋಶರ್ ಅನ್ನು ನಾವೇ ಮೈನಸ್ ಒಂದರ ಹತ್ತಿರ ಇಳಿಸಬೇಕು. ಇಳಿಸಿದರೆ ರೆಕ್ಕೆಯ ಒಂದೊಂದು ಎಳೆ ಕಾಣುತ್ತದೆ. ಹಾರುವ ಹಕ್ಕಿಗೆ ಶಟರ್ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗಕ್ಕೆ ಹೋಗಬೇಕು, ಅಷ್ಟು ವೇಗಕ್ಕೆ ಮಳೆಗಾಲದ ಬೆಳಕು ಸಾಲುವುದಿಲ್ಲ, ಬೆಳಕಿಗೆ ಕ್ಯಾಮರಾದ ಸೂಕ್ಷ್ಮತೆ, ಅಂದರೆ ಐಎಸ್‌ಒ ಏರಿಸಿದರೆ ಚಿತ್ರ ಕಾಳುಕಾಳು. "ವೇಗ, ಬೆಳಕು, ಸ್ಪಷ್ಟತೆ ಮೂರರಲ್ಲಿ ಯಾವುದನ್ನು ಬಿಡೋದು ಅಂತ ಪ್ರತಿ ಸಲ ತಲೆ ಕೆಡಿಸಿಕೊಳ್ಳಬೇಕು ಮೇಡಂ, ಅದೇ ಮಜಾ" ಅಂದರು. ಕಾಲಿಗೆ ಉಂಬಳ ಹತ್ತಿದ್ದು ಗೊತ್ತೇ ಆಗುತ್ತಿರಲಿಲ್ಲವಂತೆ.

ಹೋಳಿ ಹೊತ್ತಿಗೆ ಬೇಡನ ವೇಷ ಹಾಕಿ ಬೀದಿಯಲ್ಲಿ ಕುಣಿಯುವ ಬೇಡರ ವೇಷದ ರಾತ್ರಿಗಳ ಬಗ್ಗೆಯೂ ಹೇಳಿದರು. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಬೇಡರ ವೇಷ ಬರುತ್ತದೆ. ಆ ನವಿಲುಗರಿ, ಕತ್ತಿ, ಹಿಂದಿನಿಂದ ಹಗ್ಗ ಹಿಡಿದು ಎಳೆಯುವವರು, ತಮಟೆ, ಜನರ ನೂಕುನುಗ್ಗಲು. ಇಡೀ ರಾತ್ರಿ ತೆಗೆದದ್ದರಲ್ಲಿ ಸರಿಯಾಗಿ ಬಂದದ್ದು ಒಂದೋ ಎರಡೋ. ಅಷ್ಟಕ್ಕೇ ತಿಂಗಳು ಪೂರ್ತಿ ಖುಷಿ. ಹೇಳುವಾಗ ಕೈ ಎರಡೂ ಗಾಳಿಯಲ್ಲಿ ಕ್ಯಾಮರಾ ಹಿಡಿದಿದ್ದವು. ಹೊಟ್ಟೆ ತೊಳೆಸುವ ಮಾತು ಎಲ್ಲಿ ಹೋಯಿತೋ.

ಅಂದರೆ ಫೋಟೋಗ್ರಫಿ ಬೇಡವಾಗಿರಲಿಲ್ಲ. ಬೇಡವಾಗಿದ್ದು ಬೇರೆ ಏನೋ.

ಅದು ಒಂದು ಉಪನಯನದಿಂದ ಶುರುವಾಯಿತು. ಗಂಡನ ಚಿಕ್ಕಪ್ಪನ ಮನೆಯದು. "ಎಂತಕ್ಕೆ ಬೇರೆಯವರಿಗೆ ದುಡ್ಡು ಕೊಡ್ತೀರಿ, ನಮ್ಮನೆಯವಳು ರಾಶಿ ಚೊಲೋ ಫೋಟೋ ತೆಗೀತಾಳೆ" ಅಂತ ಗಂಡ ಹೆಮ್ಮೆಯಿಂದ ಹೇಳಿಬಿಟ್ಟರು. ಇವರಿಗೂ ಆಗ ಖುಷಿಯೇ. ಆಮೇಲೆ ಗೃಹಪ್ರವೇಶ, ನಾಮಕರಣ, ಸತ್ಯನಾರಾಯಣ ಪೂಜೆ. "ಒಂದೆರಡು ಫೋಟೋ ತೆಗೆದುಕೊಡೇ ಮಾರಾಯ್ತಿ, ನಿನ್ನ ಹತ್ರ ಒಳ್ಳೆ ಕ್ಯಾಮರಾ ಉಂಟಲ್ಲ." ಒಂದೆರಡು ಅಂದದ್ದು ಐನೂರಾಗುತ್ತಿತ್ತು. ಎಲ್ಲರ ಊಟ ಮುಗಿದ ಮೇಲೆ ಇವರಿಗೆ ಕಡೇ ಪಂಕ್ತಿ. ಮನೆಗೆ ಬಂದು ರಾತ್ರಿ ಹನ್ನೊಂದರವರೆಗೆ ಕಂಪ್ಯೂಟರ್ ಮುಂದೆ, ಯಾರದೋ ಅತ್ತೆಯ ಮುಖ ಸ್ವಲ್ಪ ಬೆಳ್ಳಗೆ ಮಾಡಿ ಕೊಡುವುದು. ಎರಡು ದಿನ ತಡವಾದರೆ ಫೋನ್.

ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಒಂದು ಸಲ ಆಸೆಪಟ್ಟು ಹೋದರು, ಮೀನುಗಾರರು ರಂಪಣಿ ಬಲೆ ಎಳೆಯುವುದನ್ನು ತೆಗೆಯಬೇಕು ಅಂತ. ಜೊತೆಗೆ ಗಂಡನ ಅಕ್ಕನ ಮಗನೂ ಅವನಿಗೆ ನಿಶ್ಚಯವಾದ ಹುಡುಗಿಯೂ ಹೊರಟರು. ಬಲೆ ಎಳೆಯುವ ಹೊತ್ತಿಗೆ ಇವರು ಟ್ಯಾಗೋರ್ ಕಡಲತೀರದ ಇನ್ನೊಂದು ತುದಿಯಲ್ಲಿ, ನೆತ್ತಿ ಸುಡುವ ಬಿಸಿಲಲ್ಲಿ, ಆ ಜೋಡಿಯ ಪ್ರೀವೆಡ್ಡಿಂಗ್ ಫೋಟೋ ತೆಗೆಯುತ್ತಿದ್ದರು. ಮಾರಿಕಾಂಬಾ ಜಾತ್ರೆಯಲ್ಲೂ ಅದೇ ಕಥೆ. ತೇರಿನ ಎದುರು ನೆಂಟರ ಗ್ರೂಪ್ ಫೋಟೋ.

ಕೊನೆಗೆ ಒಂದು ಮದುವೆಯವರು ಸಂಕೋಚ ಅಂತ ಐದು ಸಾವಿರ ಕೈಗೆ ಕೊಟ್ಟರು. ಅದು ಇನ್ನೂ ಕಷ್ಟವಾಯಿತು. ಮಾಂಗಲ್ಯ ಕಟ್ಟುವ ಹೊತ್ತಿಗೆ ಯಾರದೋ ತಲೆ ಅಡ್ಡ ಬಂದಿತ್ತು. "ದುಡ್ಡು ಕೊಟ್ಟೂ ಹೀಗಾ" ಅನ್ನುವ ಮಾತು ಬಂತು. ಗಂಡ ಇದನ್ನೆಲ್ಲ ಬೇರೆ ರೀತಿ ನೋಡಿದರು. ಇಷ್ಟು ಬೇಡಿಕೆ ಇರುವಾಗ ಒಂದು ಸ್ಟುಡಿಯೋ ಹಾಕಿದರೆ ಹೇಗೆ ಅಂತ ಪೇಟೆಯಲ್ಲಿ ಮಳಿಗೆ ವಿಚಾರಿಸಿ ಬಂದರು. ಅದಾದ ಮೇಲೆ ಗಂಗಾ ಬ್ಯಾಗು ಬಿಚ್ಚಲಿಲ್ಲ.

ನನಗೆ ಕಂಡದ್ದು ಇಷ್ಟು. ಹವ್ಯಾಸ ದಂಡ ಅನ್ನುವವರ ಜೊತೆ ಜಗಳವಾದರೂ ಆಡಬಹುದು. ಹವ್ಯಾಸದಿಂದ ಉಪಯೋಗ ಇದೆ ಅನ್ನುವವರ ಜೊತೆ ಜಗಳ ಆಡುವುದು ಹೇಗೆ? ಅವರು ಹೊಗಳುತ್ತಲೇ ಇರುತ್ತಾರೆ.

"ಇಷ್ಟು ಸಲ ಹೂಂ ಅಂದಿದ್ದು ಯಾಕೆ?" ಅಂತ ಕೇಳಿದೆ. ಸಂಕೋಚ ಅಂದರು ಮೊದಲು. ಆಮೇಲೆ ನಿಧಾನಕ್ಕೆ ಬಂತು. "ಲೆನ್ಸಿಗೆ ಅಷ್ಟು ದುಡ್ಡು ಹಾಕಿದೆ. ಬರೀ ಬೆಳ್ಳಕ್ಕಿ ತೆಗೀತಾ ಕೂತರೆ ಹೇಗೆ, ನಾಲ್ಕು ಜನಕ್ಕೆ ಉಪಯೋಗ ಆಗಲಿ ಅಂತ." ಯಾರೂ ಲೆಕ್ಕ ಕೇಳಿರಲಿಲ್ಲ. ಸಂಬಳದಲ್ಲಿ ಅವರೇ ಕೂಡಿಸಿದ ದುಡ್ಡು. ಆದರೂ ಒಳಗೊಳಗೆ ಸಾಲ ತೀರಿಸುತ್ತಿದ್ದರು. ಗಂಡ ಮೂವತ್ತು ಸಾವಿರದ ಕಳೆ ಕತ್ತರಿಸುವ ಮಷಿನ್ ತಂದಾಗ ಯಾರಿಗೂ ಹೀಗೆ ಅನ್ನಿಸುವುದಿಲ್ಲ ನೋಡಿ. ಹೆಂಗಸರ ಖುಷಿಗೆ ಮಾತ್ರ ರಸೀದಿ ಬೇಕು.

1973ರಲ್ಲಿ ಅಮೆರಿಕದಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅನ್ನುವ ಮೂವರು ಮನೋವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಚಿತ್ರ ಬಿಡಿಸುವುದು ತಾವಾಗಿಯೇ ಇಷ್ಟವಿದ್ದ ಶಿಶುವಿಹಾರದ ಮಕ್ಕಳು. ಕೆಲವರಿಗೆ ಚಿತ್ರ ಬಿಡಿಸಿದರೆ ಬಹುಮಾನ ಅಂತ ಮೊದಲೇ ಹೇಳಿದರು. ಕೆಲವರಿಗೆ ಬಿಡಿಸಿದ ಮೇಲೆ ಹೇಳದೆ ಕೇಳದೆ ಕೊಟ್ಟರು. ಇನ್ನು ಕೆಲವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಆಟದ ಹೊತ್ತಲ್ಲಿ ನೋಡಿದರೆ, ಬಹುಮಾನಕ್ಕೆ ಅಂತ ಬಿಡಿಸಿದ ಮಕ್ಕಳೇ ಪೆನ್ನು ಮುಟ್ಟುವುದು ಕಡಿಮೆ ಮಾಡಿದ್ದರು. ಅಚಾನಕ್ಕಾಗಿ ಬಹುಮಾನ ಸಿಕ್ಕವರಿಗೆ ಹಾಗಾಗಿರಲಿಲ್ಲ. ಇದನ್ನು ಹಿಡಿದುಕೊಂಡು ದುಡ್ಡು ಮುಟ್ಟಿದರೆ ಕಲೆ ಹಾಳು ಅನ್ನಬೇಡಿ. ಪೇಟೆಯಲ್ಲಿ ಸ್ಟುಡಿಯೋ ಇಟ್ಟು ಆ ಕೆಲಸವನ್ನು ಪ್ರೀತಿಸುವವರಿದ್ದಾರೆ. ಅವರು ಅದನ್ನು ಆರಿಸಿಕೊಂಡವರು. ಗಂಗಾ ಆರಿಸಿಕೊಂಡಿರಲಿಲ್ಲ.

ಇನ್ನು ಗಂಡನ ಜೊತೆ ಮಾತು. ಒಳ್ಳೆಯ ಮನುಷ್ಯ, ಹೆಂಡತಿ ಮೇಲೆ ಪ್ರೀತಿ ಇದೆ, ಆದರೆ "ದುಡಿಮೆ ಇಲ್ಲದ ಕೆಲಸಕ್ಕೆ ಎಷ್ಟು ದಿನ ಮರ್ಯಾದೆ ಮೇಡಂ" ಅನ್ನುವ ವಾದ. ಮಾತಿನ ನಡುವೆ ಅವರು ತಾಳಮದ್ದಳೆಯಲ್ಲಿ, ಅಂದರೆ ವೇಷ, ಕುಣಿತ ಇಲ್ಲದ ಮಾತಿನ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಾರೆ ಅಂತ ಗೊತ್ತಾಯಿತು.

"ಒಂದು ಕೂಟಕ್ಕೆ ಎಷ್ಟು ಸಿಗ್ತದೆ ನಿಮಗೆ?"

"ಅಯ್ಯೋ, ನಾವು ಹವ್ಯಾಸಿಗಳು. ಹೋಗಿಬರೋ ಪೆಟ್ರೋಲೂ ನಮ್ಮದೇ."

"ಮತ್ತೆ ಮೇಳ ಕಟ್ಟಬಹುದಲ್ಲ?"

ನಕ್ಕರು. "ಅದು ಬೇರೆ."

ಹೇಗೆ ಬೇರೆ ಅಂತ ಕೇಳಿದೆ. ಉತ್ತರ ಬರಲಿಲ್ಲ. ನಾಳೆ ನಿಮ್ಮ ಹೆಂಡತಿ ಊರವರಿಗೆಲ್ಲ, "ನಮ್ಮನೆಯವರು ಚೊಲೋ ಮಾತಾಡ್ತಾರೆ, ನಿಮ್ಮ ಮನೆ ಕಾರ್ಯಕ್ರಮಕ್ಕೆಲ್ಲ ಪುಕ್ಕಟೆ ನಿರೂಪಣೆ ಮಾಡ್ತಾರೆ" ಅಂತ ಮಾತು ಕೊಟ್ಟು ಬಂದರೆ? ಆಗ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಗಂಗಾ ಮೊದಲ ಸಲ ನಕ್ಕಿದ್ದು ಅವತ್ತು.

ಸಲಹೆಗೆ ಬರುತ್ತೇನೆ. ಮೊದಲು ತಲೆ ಮೇಲಿನ ಹಳೇ ಬಾಕಿ. ಇನ್ನೂ ಕೆಲವು ಮನೆಗಳಿಗೆ ಫೋಟೋ ಕೊಡುವುದಿತ್ತು, ಒಂದೂ ತಿದ್ದಿರಲಿಲ್ಲ. ತಿದ್ದಬೇಡಿ, ಹಾಗೇ ಪೆನ್‌ಡ್ರೈವಿಗೆ ಹಾಕಿ ಭಾನುವಾರದೊಳಗೆ ತಲುಪಿಸಿ ಅಂದೆ. ತಲುಪಿಸುವ ಕೆಲಸ ಗಂಡನದ್ದು, ಮಾತು ಕೊಟ್ಟವರು ಅವರೇ ತಾನೆ.

ಆಮೇಲೆ, ಹೆಂಡತಿಯ ಪರವಾಗಿ ಗಂಡ ಯಾರಿಗೂ ಒಪ್ಪಿಕೊಳ್ಳುವಂತಿಲ್ಲ. ಕೇಳಿದವರಿಗೆ "ಅವಳನ್ನೇ ಕೇಳಿ" ಅಂತಷ್ಟೇ ಹೇಳಬೇಕು. ಗಂಗಾ ಹೇಳಬೇಕಾದ ಮಾತನ್ನು ನನ್ನ ಎದುರೇ ಜೋರಾಗಿ ಹೇಳಿಸಿದೆ: "ನಾನು ಹಕ್ಕಿ ಫೋಟೋ ಮಾತ್ರ ತೆಗೆಯೋದು. ಕಾರ್ಯಕ್ರಮದ್ದು ತೆಗೆಯೋದಿಲ್ಲ." ಅಷ್ಟೇ. ಕಾರಣ ಬೇಡ. ರಜೆ ಇಲ್ಲ ಅಂದರೆ ಭಾನುವಾರ ಇಟ್ಟುಕೊಳ್ಳುತ್ತೇವೆ ಅನ್ನುತ್ತಾರೆ, ಲೆನ್ಸ್ ಸರಿ ಇಲ್ಲ ಅಂದರೆ ರಿಪೇರಿ ಆದ ಮೇಲೆ ಬಾ ಅನ್ನುತ್ತಾರೆ. ಕಾರಣ ಕೊಟ್ಟಷ್ಟೂ ಚೌಕಾಸಿಗೆ ಜಾಗ. ಮೊದಮೊದಲು ಅವರ ದನಿ ಏಳಲೇ ಇಲ್ಲ. ಅದಕ್ಕೆ ಇನ್ನೊಂದು ಮಾತು ಸೇರಿಸಿದೆ. ನೀವು ಪುಕ್ಕಟೆ ತೆಗೆದ ಪ್ರತಿ ಮದುವೆಯೂ ಪೇಟೆಯ ಒಬ್ಬ ಫೋಟೋಗ್ರಾಫರನ ಸೀಸನ್‌ನಲ್ಲಿ ಒಂದು ದಿನದ ಅನ್ನ. ಪರಿಚಯದ ಒಬ್ಬರ ನಂಬರ್ ಇಟ್ಟುಕೊಳ್ಳಿ, ಕೇಳಿದವರಿಗೆ ಅದನ್ನು ಕೊಡಿ. ಇದು ಅವರಿಗೆ ಹಿಡಿಸಿತು. ಬರೀ ಇಲ್ಲ ಅನ್ನುವುದಕ್ಕಿಂತ ನಂಬರ್ ಕೊಡುವುದು ಸುಲಭ.

ಸ್ವಂತ ಮನೆಯ ಕಾರ್ಯಕ್ರಮ? ಇಷ್ಟ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಊಟ ಮಾಡಿ ಕೂತುಕೊಳ್ಳಿ.

ದುಡ್ಡಿನ ಮಾತನ್ನೂ ಬಿಡಲಿಲ್ಲ. ಲೆನ್ಸ್ ಮಾರಿಬಿಡುತ್ತೇನೆ ಅನ್ನುತ್ತಿದ್ದರು. ಒಂದು ಮಳೆಗಾಲ ಮುಗಿಯುವವರೆಗೆ ಮಾರುವುದೂ ಬೇಡ, ಹೊಸದು ತರುವುದೂ ಬೇಡ ಅಂದೆ. ಖರ್ಚಾದ ದುಡ್ಡು ಖರ್ಚಾಯಿತು, ಅದನ್ನು ಉಪನಯನ ತೆಗೆದು ವಸೂಲು ಮಾಡಲು ಆಗುವುದಿಲ್ಲ. ಮುಂದಕ್ಕೆ ವರ್ಷಕ್ಕೆ ಇಷ್ಟು ಅಂತ ಇಬ್ಬರೂ ಕೂತು ಒಂದು ಮೊತ್ತ ಬರೆದಿಟ್ಟರು. ಅದರೊಳಗೆ ಏನು ತಂದರೂ ಯಾರಿಗೂ ಉತ್ತರ ಕೊಡಬೇಕಿಲ್ಲ. ಗಂಡನ ತಾಳಮದ್ದಳೆ ಪೆಟ್ರೋಲಿಗೂ ಒಂದು ಮೊತ್ತ ಬಿತ್ತು.

ವಾರಕ್ಕೆ ಒಂದು ಬೆಳಿಗ್ಗೆ ಗಂಗಾದು. ಅವತ್ತು ಹಾಲು ಕರೆಯುವುದು, ಮಗಳ ತಿಂಡಿ ಎರಡೂ ಗಂಡನ ಜವಾಬ್ದಾರಿ. ಒಬ್ಬರೇ ಹೋಗುವುದರಿಂದ ಎಲ್ಲಿಗೆ, ಎಷ್ಟೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ ಹೋಗಬೇಕು. ಮೊದಲ ಒಂದು ತಿಂಗಳು ತೆಗೆದ ಚಿತ್ರ ಯಾರಿಗೂ ತೋರಿಸುವಂತಿಲ್ಲ, ಸ್ಟೇಟಸ್ಸಿಗೂ ಇಲ್ಲ. ಚೊಲೋ ಉಂಟು ಅನ್ನುವ ಮಾತು ಕೇಳದೆ ತೆಗೆಯಲು ಆಗುತ್ತದಾ ಅಂತ ಅವರಿಗೇ ನೋಡಬೇಕಿತ್ತು.

ಫಂಗಸ್ ವಿಷಯದಲ್ಲಿ ನನಗಿಂತ ಅವರಿಗೇ ಜಾಸ್ತಿ ಗೊತ್ತಿತ್ತು. ನಮ್ಮ ಮಳೆಗಾಲದ ತೇವದಲ್ಲಿ ಲೆನ್ಸನ್ನು ಬಟ್ಟೆಯ ಬ್ಯಾಗಿನಲ್ಲಿ ತಿಂಗಳುಗಟ್ಟಲೆ ಮುಚ್ಚಿಡಬಾರದು. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಪುಟ್ಟ ಮೀಟರ್, ಅದು ಶೇಕಡಾ ನಲವತ್ತರಿಂದ ಐವತ್ತರ ನಡುವೆ ಇದ್ದರೆ ಸಾಕು. ಅತ್ತೆಯವರು ಮಾತ್ರ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಡು, ಕಾಯಿಗೆ ಬೂಷ್ಟು ಬರ್ತದಾ ಅಲ್ಲಿ ಅಂದರಂತೆ. ತರ್ಕ ಸರಿ ಇದೆ. ಹೊಗೆ ಒಂದು ಬಿಟ್ಟರೆ.

ಈಗ ಹೇಗಿದ್ದಾರೆ ಅಂದರೆ, ಪೂರ್ತಿ ಸರಿಹೋಯಿತು ಅನ್ನಲಾರೆ. ಲೆನ್ಸ್ ಸ್ವಚ್ಛ ಮಾಡಿಸಿದರು, ಅಂಚಿನಲ್ಲಿ ಒಂದು ಸಣ್ಣ ಕಲೆ ಉಳಿದಿದೆ, ಚಿತ್ರದಲ್ಲಿ ಕಾಣುವುದಿಲ್ಲವಂತೆ. ಮೊದಲ ಎರಡು ಮೂರು ವಾರ ಕೆರೆಗೆ ಹೋಗಿ ಬೇಸರದಲ್ಲೇ ಬಂದರು, ಹಳೇ ಖುಷಿ ಬರಲಿಲ್ಲ ಅಂತ ಫೋನ್ ಮಾಡಿದರು. ಬರಲೇಬೇಕು ಅಂತ ಕಾಯಬೇಡಿ ಅಂದೆ. ಆಮೇಲೊಂದು ದಿನ ಬೆಳ್ಳಕ್ಕಿ ಗೂಡಿಗೆ ಕಡ್ಡಿ ತರುವುದನ್ನು ತೆಗೆಯುತ್ತಾ ಕಚೇರಿಗೆ ತಡವಾಯಿತಂತೆ. ಗೂಡಿನ ಹತ್ತಿರ ಹೋಗುವುದಿಲ್ಲ, ದೂರದಿಂದಲೇ, ಅದಕ್ಕೇ ಅಲ್ವಾ ಆ ಲೆನ್ಸು ಅಂತ ನನಗೇ ಪಾಠ ಮಾಡಿದರು. ಗಂಡ ಬಾಯಿ ತಪ್ಪಿ ಒಂದು ಸೀಮಂತಕ್ಕೆ ಒಪ್ಪಿಕೊಂಡು, ಮತ್ತೆ ತಾವೇ ಫೋನ್ ಮಾಡಿ ಇಲ್ಲ ಅಂದರು.

ಗಂಡನ ಅಕ್ಕ ಮಾತು ಬಿಟ್ಟಿದ್ದಾರೆ, ಮಗನ ಮದುವೆಯ ಫೋಟೋ ತೆಗೆಯಲಿಲ್ಲ ಅಂತ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ದೀಪಾವಳಿಗೆ ಅವರು ತವರಿಗೆ ಬರುತ್ತಾರೆ. ಗೋಪೂಜೆ ಹೊತ್ತಿಗೆ ಒಂದು ಫೋಟೋ ತೆಗಿ ಅಂದರೆ ಏನು ಮಾಡಲಿ ಅಂತ ಗಂಗಾ ಕೇಳಿದರು.

ಮೊಬೈಲಲ್ಲಿ ತೆಗೆಯಿರಿ ಅಂದೆ.