ಪುಸ್ತಕ ಇಲ್ಲದ ಒಂದನೇ ಕ್ಲಾಸು: ಚಿಕ್ಕಮಗಳೂರಿನ ತಾಯಿಯೊಬ್ಬರಿಗೆ ಉತ್ತರ

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ಆಗಸ್ಟ್‌ನಲ್ಲಿ ಚಿಕ್ಕಮಗಳೂರಿನಿಂದ ಕ್ಯಾಲಿಫೋರ್ನಿಯಾಗೆ ಹೊರಡುತ್ತಿದ್ದೀರಿ. ಮಗಳಿಗೆ ಆರು ತುಂಬಿದೆ, ಯುಕೆಜಿ ಮುಗಿದಿದೆ. "ಅಲ್ಲಿ ಪಠ್ಯಪುಸ್ತಕ ಇಲ್ಲ, ಪರೀಕ್ಷೆ ಇಲ್ಲ, ಚಾಪೆ ಮೇಲೆ ಕೂರಿಸಿ ಆಟ ಆಡಿಸ್ತಾರಂತೆ. ಮಗು ಹಿಂದೆ ಬೀಳುತ್ತಾ? ಇಂಗ್ಲಿಷ್ ಅಷ್ಟಾಗಿ ಬರಲ್ಲ, ಈಗಿನಿಂದಲೇ ಮನೇಲಿ ಇಂಗ್ಲಿಷ್ ಶುರು ಮಾಡಲಾ?" ಅಂತ ಕೇಳಿದ್ದೀರಿ. ನಾನು ಕ್ಯಾಲಿಫೋರ್ನಿಯಾದ ಬೇ ಏರಿಯಾದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ, ಒಂದು ಸರ್ಕಾರಿ ಎಲಿಮೆಂಟರಿ ಶಾಲೆಯಲ್ಲಿ ಒಂದನೇ ತರಗತಿಯ ಟೀಚರಿಗೆ ಸಹಾಯಕಿಯಾಗಿ ಕೆಲಸ ಮಾಡುತ್ತೇನೆ. ಈಗ ರಜೆಗೆ ಹಾಸನಕ್ಕೆ ಬಂದಿದ್ದೇನೆ, ಬರೆಯಲು ಪುರುಸೊತ್ತೂ ಇದೆ.

ಮೊದಲು ಒಂದು ಕೆಲಸ ಮಾಡಿ. ಹೊರಡುವ ಮುಂಚೆ ನಿಮ್ಮ ಹತ್ತಿರದ ಸರ್ಕಾರಿ ಕನ್ನಡ ಶಾಲೆಗೆ ಹೋಗಿ. ಹೆಡ್‌ಮಾಸ್ಟರ್ ಹತ್ತಿರ ಕೇಳಿಕೊಂಡು, ಚಿಕ್ಕ ಮಕ್ಕಳು ಗುಂಪಿನಲ್ಲಿ ಕೂತು ಕಾರ್ಡುಗಳಿಂದ ಕಲಿಯುವ ನಲಿ-ಕಲಿ ಕೋಣೆಯಲ್ಲಿ ಅರ್ಧ ಗಂಟೆ ಕೂತು ಬನ್ನಿ. ಮಗಳನ್ನೂ ಕರೆದುಕೊಂಡು ಹೋಗಿ. ಅಮೆರಿಕದ ಒಂದನೇ ಕ್ಲಾಸು ಹೇಗಿರುತ್ತದೆ ಅಂತ ನಾನು ಎಷ್ಟು ಬರೆದರೂ ಆ ಅರ್ಧ ಗಂಟೆಯಷ್ಟು ಅರ್ಥ ಆಗುವುದಿಲ್ಲ.

ಮೊನ್ನೆ ಆಲೂರು ಕಡೆ ನಮ್ಮಮ್ಮನ ಊರಿನ ಶಾಲೆಗೆ ಹೋಗಿದ್ದೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿದ್ದರು. ಬೆಂಚಿಲ್ಲ. ನೆಲದ ಮೇಲೆ ಗುಂಪು ಗುಂಪಾಗಿ ಕೂತಿದ್ದರು. ತಲೆ ಮೇಲೆ ದಾರ ಎಳೆದು ಕಟ್ಟಿದ ಚಪ್ಪರ, ಅದರ ತುಂಬ ಮಕ್ಕಳೇ ಬಿಡಿಸಿದ ಚಿತ್ರಗಳು. ಗೋಡೆಯ ಕೆಳಭಾಗಕ್ಕೆ ಮಕ್ಕಳ ಕೈಗೆ ಎಟುಕುವ ಹಾಗೆ ಕಪ್ಪು ಬಣ್ಣ ಬಳಿದು, ಒಬ್ಬೊಬ್ಬರಿಗೂ ಬರೆಯಲು ಇಷ್ಟಿಷ್ಟು ಜಾಗ. ಒಬ್ಬಳು ಹುಡುಗಿ ಎದ್ದು ಗೋಡೆಯಲ್ಲಿದ್ದ ಕಲಿಕಾ ಏಣಿಯ (ಯಾವುದಾದ ಮೇಲೆ ಯಾವುದು ಕಲಿಯಬೇಕು ಅಂತ ತೋರಿಸುವ ಪಟ) ಹತ್ತಿರ ಹೋದಳು. ಬೆರಳಿಟ್ಟು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ನೋಡಿಕೊಂಡಳು. ಆ ಮೆಟ್ಟಿಲಿನಲ್ಲಿ ಯಾವ ಚಿತ್ರ ಇತ್ತೋ ಅದೇ ಚಿತ್ರದ ಕಾರ್ಡನ್ನು ತಟ್ಟೆಯಿಂದ ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕೂತಳು. ಯಾರೂ ಅವಳಿಗೆ ಏನೂ ಹೇಳಲಿಲ್ಲ. ಒಂದು ಗುಂಪಿನ ಜೊತೆ ಟೀಚರ್ ಕೂತಿದ್ದರು. ಇನ್ನೊಂದರಲ್ಲಿ ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಮತ್ತೊಂದರಲ್ಲಿ ಮಕ್ಕಳು ತಮ್ಮಷ್ಟಕ್ಕೆ ತಾವು ಬರೆಯುತ್ತಿದ್ದರು.

ಈ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ನಮ್ಮ ಮೇಷ್ಟ್ರುಗಳೇ ಕೂತು ಕನ್ನಡಕ್ಕೆ ಕಾರ್ಡುಗಳನ್ನು ಮಾಡಿದರು. 2009-10ರಿಂದ ರಾಜ್ಯದ ಎಲ್ಲ ಕಡೆಯ ಸರ್ಕಾರಿ ಶಾಲೆಗಳಿಗೆ ಬಂತು. ಸರ್ಕಾರಿ ಶಾಲೆಯಲ್ಲಿ ಸುಮ್ನೆ ಆಟ ಆಡಿಸ್ತಾರೆ ಅಂತ ನಮ್ಮೂರಲ್ಲಿ ಮಾತಾಡುವುದು ಕೇಳಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಯಾಕೆಂದರೆ ಇದೇ ರೀತಿ ನಡೆಯುವ ಕೋಣೆಯಲ್ಲಿ ನಾನು ದಿನಾ ಕೆಲಸ ಮಾಡುತ್ತೇನೆ. ಅದರಿಂದ ಮಕ್ಕಳು ಓದಲು ಕಲಿಯುವುದನ್ನು ಕಣ್ಣಾರೆ ನೋಡುತ್ತೇನೆ. ವ್ಯತ್ಯಾಸ ಸೌಕರ್ಯದ್ದು. ಕ್ಯಾಲಿಫೋರ್ನಿಯಾದಲ್ಲಿ ಮೂರನೇ ಕ್ಲಾಸಿನವರೆಗೆ ಒಂದು ತರಗತಿಗೆ ಸರಾಸರಿ 24 ಮಕ್ಕಳು ಅನ್ನುವ ಗುರಿ ಇದೆ. ಒಬ್ಬ ಟೀಚರಿಗೆ ಒಂದೇ ತರಗತಿ. ಕೋಣೆಯಲ್ಲೇ ಬುಟ್ಟಿ ಬುಟ್ಟಿ ಕಥೆಪುಸ್ತಕ. ಆಲೂರಿನ ಆ ಟೀಚರ್ ಮೂರು ತರಗತಿಯನ್ನು ಒಬ್ಬರೇ ನಿಭಾಯಿಸುತ್ತಿದ್ದರು.

ಈಗ ನಿಮ್ಮ ಮಗಳ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ಬೆಳಗ್ಗೆ ಎಂಟು, ಎಂಟೂವರೆಗೆ ಬೆಲ್. ಮಕ್ಕಳು ಹೊರಗೆ ಸಾಲಾಗಿ ನಿಲ್ಲುತ್ತಾರೆ, ಟೀಚರ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾರೆ. ಬ್ಯಾಗು ಕೊಕ್ಕೆಗೆ, ಡಬ್ಬಿ ಬುಟ್ಟಿಗೆ. ಆಮೇಲೆ ಎಲ್ಲರೂ ಕಾರ್ಪೆಟ್ ಮೇಲೆ. ಇವತ್ತು ಯಾವ ವಾರ, ಹೊರಗೆ ಬಿಸಿಲೋ ಮೋಡವೋ, ಶಾಲೆ ಶುರುವಾಗಿ ಇದು ಎಷ್ಟನೇ ದಿನ, ಎಲ್ಲ ಮಕ್ಕಳೇ ಹೇಳಬೇಕು. ದಿನ ಲೆಕ್ಕ ಇಡುವುದಕ್ಕೆ ದಿನಕ್ಕೊಂದು ಕಡ್ಡಿ. ಹತ್ತಾದರೆ ರಬ್ಬರ್ ಬ್ಯಾಂಡ್ ಹಾಕಿ ಒಂದು ಕಟ್ಟು. ನೂರನೇ ದಿನ ದೊಡ್ಡ ಸಂಭ್ರಮ. ಅವತ್ತು ಮಕ್ಕಳು ಮನೆಯಿಂದ ನೂರು ಗುಂಡಿ, ನೂರು ಮಣಿ ಹೀಗೆ ಏನಾದರೂ ಎಣಿಸಿಕೊಂಡು ಬರುತ್ತಾರೆ. ಬಿಡಿ, ಹತ್ತು, ನೂರು ಅನ್ನುವುದು ಅವರಿಗೆ ಹೀಗೆ ಕೈಯಿಂದ ತಲೆಗೆ ಹೋಗುತ್ತದೆ.

ಕಾರ್ಪೆಟ್‌ನಿಂದ ಎದ್ದರೆ ಓದು. ಅಕ್ಷರದ ಶಬ್ದಗಳನ್ನು ಬಾಯಿಬಿಟ್ಟು ಹೇಳಿಸಿ, ಪುಟ್ಟ ಬಿಳಿ ಹಲಗೆಯ ಮೇಲೆ ಬರೆಸುತ್ತಾರೆ. ಆಮೇಲೆ ಗುಂಪುಗಳು. ಅರ್ಧಚಂದ್ರದ ಆಕಾರದ ಮೇಜಿನ ಸುತ್ತ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ಟೀಚರ್ ಓದಿಸುತ್ತಾರೆ. ಒಂದು ಗುಂಪು ನನ್ನ ಹತ್ತಿರ. ಉಳಿದವರು ಜೋಡಿಯಾಗಿ ಓದುತ್ತಾರೆ, ಬರೆಯುತ್ತಾರೆ. ಯಾವ ಮಗು ಎಲ್ಲಿ ತಡವರಿಸಿತು ಅಂತ ಟೀಚರ್ ಅಲ್ಲೇ ಗುರುತು ಹಾಕಿಕೊಳ್ಳುತ್ತಾರೆ. ನಿಮಗೆ ಕಾಣದ ಪರೀಕ್ಷೆ ಇದೇ. ದಿನಾ ನಡೆಯುತ್ತಿರುತ್ತದೆ, ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ಸಂಜೆ ಒಂದು ಚೀಲದಲ್ಲಿ ಪುಸ್ತಕ ಮನೆಗೆ ಬರುತ್ತದೆ. ಹೋಂವರ್ಕ್ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದಿನಾ 20 ನಿಮಿಷ ಓದುವುದೇ ಹೋಂವರ್ಕ್. ಅದನ್ನು ತಪ್ಪಿಸಬೇಡಿ.

ಲೆಕ್ಕದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮವರು ಜಾಸ್ತಿ ಗಾಬರಿ ಆಗುವುದು ಇಲ್ಲೇ. ಟೀಚರ್ ಬೋರ್ಡಿನ ಮೇಲೆ 8 + 7 ಅಂತ ಬರೆಯುತ್ತಾರೆ. ಯಾರೂ ಕೂಗುವ ಹಾಗಿಲ್ಲ. ಉತ್ತರ ಸಿಕ್ಕಿದವರು ಎದೆಯ ಹತ್ತಿರ ಸದ್ದಿಲ್ಲದೆ ಹೆಬ್ಬೆರಳು ಎತ್ತಬೇಕು. ಪಕ್ಕದವರಿಗೆ ಕಾಣದ ಹಾಗೆ, ಟೀಚರಿಗೆ ಮಾತ್ರ ಕಾಣುವ ಹಾಗೆ. ನಿಧಾನದ ಮಕ್ಕಳಿಗೂ ಯೋಚಿಸಲು ಸಮಯ ಸಿಗಲಿ ಅಂತ ಈ ಕ್ರಮ. ಆಮೇಲೆ ಕೇಳುತ್ತಾರೆ. ಒಬ್ಬ ಹೇಳುತ್ತಾನೆ: ಎಂಟೂ ಎಂಟೂ ಹದಿನಾರು, ಅದರಲ್ಲಿ ಒಂದು ತೆಗೆದೆ. ಇನ್ನೊಬ್ಬಳು: ಏಳರಿಂದ ಎರಡು ತಗೊಂಡು ಎಂಟಕ್ಕೆ ಹಾಕಿದೆ, ಹತ್ತಾಯಿತು, ಉಳಿದದ್ದು ಐದು. ಮತ್ತೊಬ್ಬ ಬೆರಳಲ್ಲಿ ಎಣಿಸಿದ. ಟೀಚರ್ ಮೂರನ್ನೂ ಹೆಸರು ಹಾಕಿ ಬೋರ್ಡಿನ ಮೇಲೆ ಬರೆಯುತ್ತಾರೆ. ಹದಿನೈದು ಅನ್ನುವುದಕ್ಕಿಂತ ಹೇಗೆ ಹದಿನೈದು ಅನ್ನುವುದಕ್ಕೆ ಅಲ್ಲಿ ಬೆಲೆ ಜಾಸ್ತಿ.

ಯಾವ ಕ್ಲಾಸಿಗೆ ಏನು ಬರಬೇಕು ಅಂತ ಹೇಳುವ, ಕ್ಯಾಲಿಫೋರ್ನಿಯಾ 2010ರಲ್ಲಿ ಒಪ್ಪಿಕೊಂಡ ಕಾಮನ್ ಕೋರ್ ಪ್ರಕಾರ, ಒಂದರ ಕೆಳಗೊಂದು ಬರೆದು ದಶಕ ತೆಗೆದುಕೊಂಡು ಕೂಡುವ ಕ್ರಮ ಸರಾಗವಾಗಿ ಬರಬೇಕಾದದ್ದು ನಾಲ್ಕನೇ ಕ್ಲಾಸಿಗೆ. ಹಾಗಾಗಿ ಮನೆಯಲ್ಲಿ ಈಗಲೇ ಅದನ್ನು ಹೇಳಿಕೊಟ್ಟು "ಹೀಗೇ ಮಾಡು" ಅಂತ ಕೂರಿಸಬೇಡಿ. "ನೀನು ಹೇಗೆ ಮಾಡಿದೆ, ನನಗೆ ಹೇಳು" ಅಂತ ಕೇಳಿ. ಕನ್ನಡದಲ್ಲೇ ಕೇಳಿ. ಒಂದಂಕಿಯ ಮಗ್ಗಿ ಮೂರನೇ ಕ್ಲಾಸಿನ ಕೊನೆಗೆ ಬಾಯಿಪಾಠ ಬರಬೇಕು ಅಂತ ಅಲ್ಲೂ ಇದೆ. ಅದಕ್ಕೆ ನಮ್ಮ "ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು" ಬಿಡಲೇಬೇಡಿ. ಕಾರಿನಲ್ಲಿ ಹೋಗುವಾಗ ರಾಗವಾಗಿ ಹೇಳಿಸಿ.

ರಿಪೋರ್ಟ್ ಕಾರ್ಡಿನಲ್ಲಿ ರ‍್ಯಾಂಕ್ ಇರುವುದಿಲ್ಲ. ಬಹಳಷ್ಟು ಕಡೆ 1ರಿಂದ 4ರವರೆಗೆ ಅಂಕಿ ಕೊಡುತ್ತಾರೆ. 3 ಬಂದರೆ ಆ ತರಗತಿಗೆ ಬೇಕಾದಷ್ಟು ಬರುತ್ತದೆ ಅಂತ ಅರ್ಥ. ಪಕ್ಕದ ಮನೆ ಮಗುವಿಗೆ ಎಷ್ಟು ಬಂತು ಅಂತ ವಿಚಾರಿಸುವ ಗೋಜಿಗೆ ಹೋಗಬೇಡಿ.

ಇನ್ನು ಇಂಗ್ಲಿಷ್. ಸೇರಿಸುವಾಗ ಮನೆಯ ಭಾಷೆಯ ಬಗ್ಗೆ ಒಂದು ಫಾರಂ ಕೊಡುತ್ತಾರೆ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಯಾವುದರಲ್ಲಿ ಮಾತಾಡುತ್ತೀರಿ ಅಂತೆಲ್ಲ ಕೇಳಿರುತ್ತದೆ. ಕನ್ನಡ ಅಂತ ಬರೆಯಿರಿ. ಮಗುವಿಗೆ ಇಂಗ್ಲಿಷ್ ಬರಲ್ಲ ಅಂದುಕೊಳ್ಳುತ್ತಾರೆ ಅಂತ ಹೆದರಿ ಎಷ್ಟೋ ಜನ ಇಂಗ್ಲಿಷ್ ಅಂತ ಬರೆದುಬಿಡುತ್ತಾರೆ. ಕನ್ನಡ ಅಂತ ಬರೆದರೆ 30 ದಿನದೊಳಗೆ, ಮಗುವಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ನೋಡಲು ಎಲ್ಪ್ಯಾಕ್ ಅನ್ನುವ ಪರೀಕ್ಷೆ ಮಾಡುತ್ತಾರೆ. ಮಗುವಿಗೆ ಸಹಾಯ ಬೇಕು ಅಂತ ಕಂಡರೆ, ಇಂಗ್ಲಿಷ್ ಕಲಿಸಲು ಅಂತಲೇ ದಿನಾ ಪ್ರತ್ಯೇಕ ಸಮಯ ಕೊಡುತ್ತಾರೆ. ಇದಕ್ಕೆ ದುಡ್ಡಿಲ್ಲ. ಆ ಸಹಾಯ ಅವಳ ಹಕ್ಕು, ಯಾಕೆ ಕಳೆದುಕೊಳ್ಳಬೇಕು?

ಮೊದಲ ಕೆಲವು ತಿಂಗಳು ಅವಳು ಕ್ಲಾಸಿನಲ್ಲಿ ಮಾತಾಡದೇ ಇರಬಹುದು. ಹೊಸ ಭಾಷೆಗೆ ಬಂದ ಮಕ್ಕಳಲ್ಲಿ ಇದು ಸಾಮಾನ್ಯ. ಬಾಯಿ ಮುಚ್ಚಿರುತ್ತದೆ, ಕಿವಿ ಕೆಲಸ ಮಾಡುತ್ತಿರುತ್ತದೆ. ಆ ಸಮಯದಲ್ಲಿ "ಇವತ್ತು ಏನು ಮಾತಾಡಿದೆ" ಅಂತ ದಿನಾ ವಿಚಾರಣೆ ಮಾಡಬೇಡಿ. ಇಂಗ್ಲಿಷನ್ನು ನಾವು ನೋಡಿಕೊಳ್ಳುತ್ತೇವೆ. ನೀವು ಕನ್ನಡದಲ್ಲಿ ಜಾಸ್ತಿ ಮಾತಾಡಿ. ಚಿಟ್ಟೆ ಹೇಗೆ ಹುಳುವಿನಿಂದ ಆಯಿತು ಅಂತ ಮನೆಯಲ್ಲಿ ಕನ್ನಡದಲ್ಲಿ ಕೇಳಿ ತಿಳಿದುಕೊಂಡ ಮಗುವಿಗೆ ಕ್ಲಾಸಿನಲ್ಲಿ ಪದ ಮಾತ್ರ ಹೊಸದು, ವಿಷಯ ಗೊತ್ತಿರುತ್ತದೆ. ಎರಡು ಮಾತು ಮಾತ್ರ ಈಗಲೇ ಕಲಿಸಿ: "ಮೇ ಐ ಗೋ ಟು ದ ಬಾತ್‌ರೂಮ್" ಮತ್ತು "ಐ ನೀಡ್ ಹೆಲ್ಪ್". ಕೇಳಲು ಗೊತ್ತಾಗದೆ ಚಡ್ಡಿ ಒದ್ದೆ ಮಾಡಿಕೊಂಡು ಅಳುವ ಮಕ್ಕಳನ್ನು ನಾನು ಪ್ರತಿ ವರ್ಷ ಸಮಾಧಾನ ಮಾಡುತ್ತೇನೆ. ಅವಳ ಹೆಸರನ್ನೂ ಮೊಟಕು ಮಾಡಬೇಡಿ. ಹೇಗೆ ಕರೆಯಬೇಕು ಅಂತ ಟೀಚರಿಗೆ ಎರಡು ಸಲ ಹೇಳಿಕೊಡಿ, ಕಲಿಯುತ್ತಾರೆ. ಪೇರೆಂಟ್-ಟೀಚರ್ ಮೀಟಿಂಗಿಗೆ ಇಂಗ್ಲಿಷ್ ಕಷ್ಟ ಅನ್ನಿಸಿದರೆ ಕನ್ನಡ ದುಭಾಷಿ ಬೇಕು ಅಂತ ಮೊದಲೇ ಹೇಳಿ. ಸಂಕೋಚ ಬೇಡ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಬಿಸಿಯೂಟದ ಹಾಗೆ ಅಲ್ಲೂ 2022-23ರಿಂದ ಸರ್ಕಾರಿ ಶಾಲೆಯ ಎಲ್ಲ ಮಕ್ಕಳಿಗೂ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಉಚಿತ. ಮಾಂಸ ಇಲ್ಲದ್ದೂ ಇರುತ್ತದೆ, ಆದರೆ ಮೊಟ್ಟೆ ಇದೆಯಾ ಅಂತ ನೀವು ವಿಚಾರಿಸಿಕೊಳ್ಳಬೇಕು. ಡಬ್ಬಿ ಕಳಿಸುವುದಾದರೆ ತಿನ್ನಲು ಸಿಗುವ ಸಮಯ ಕಡಿಮೆ ಅನ್ನುವುದು ನೆನಪಿರಲಿ. ತುಪ್ಪ ಸವರಿ ಸುತ್ತಿದ ಅಕ್ಕಿರೊಟ್ಟಿ ಬೇಗ ಖಾಲಿ ಆಗುತ್ತದೆ. ಚಿತ್ರಾನ್ನಕ್ಕೆ ಕಡಲೆಕಾಯಿ ಬೀಜ ಹಾಕುವ ಮುಂಚೆ ಮಾತ್ರ ಟೀಚರನ್ನು ಕೇಳಿ. ಕಡಲೆಕಾಯಿ ಅಲರ್ಜಿ ಇರುವ ಮಗು ಕ್ಲಾಸಿನಲ್ಲಿದ್ದರೆ ಅದು ಪ್ರಾಣಕ್ಕೇ ಅಪಾಯ. ಚಟ್ನಿಪುಡಿಗೂ ಇದೇ ಮಾತು.

ಒಂದು ಕಷ್ಟದ ವಿಷಯವನ್ನೂ ಮುಚ್ಚಿಡುವುದಿಲ್ಲ. ಬೆಂಕಿ, ಭೂಕಂಪದ ಅಭ್ಯಾಸದ ಜೊತೆ ಲಾಕ್‌ಡೌನ್ ಅಭ್ಯಾಸವೂ ಇರುತ್ತದೆ. ಬಂದೂಕು ಹಿಡಿದವರು ಒಳಗೆ ಬಂದರೆ ಏನು ಮಾಡಬೇಕು ಅನ್ನುವುದಕ್ಕೆ. ದೀಪ ಆರಿಸಿ, ಬಾಗಿಲು ಹಾಕಿ, ಕಿಟಕಿಗೆ ಕಾಣದ ಮೂಲೆಯಲ್ಲಿ ಮಕ್ಕಳು ಸದ್ದಿಲ್ಲದೆ ಕೂರುತ್ತಾರೆ. ಆರು ವರ್ಷದ ಮಗು ನನ್ನ ತೋಳು ಹಿಡಿದುಕೊಂಡು ಉಸಿರು ಬಿಗಿಹಿಡಿದು ಕೂತಾಗ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಎಷ್ಟು ವರ್ಷ ಆದರೂ ಅಭ್ಯಾಸ ಆಗಿಲ್ಲ. ಅಂಥ ದಿನ ಅವಳು ಮನೆಗೆ ಬಂದು ಕೇಳಿದರೆ ಮಾತು ಮರೆಸಬೇಡಿ. "ಟೀಚರ್ ಹೇಳಿದ ಹಾಗೆ ಮಾಡಿದರೆ ಅವರು ನೋಡಿಕೊಳ್ಳುತ್ತಾರೆ" ಅಂತ ಹೇಳಿ, ಹತ್ತಿರ ಕೂರಿಸಿಕೊಳ್ಳಿ.

ಕಾಗದಪತ್ರ: ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಬಾಡಿಗೆ ಕರಾರು, ಲಸಿಕೆ ದಾಖಲೆ. ಶಾಲೆ ನಿರ್ಧಾರ ಆಗುವುದು ನಿಮ್ಮ ವಿಳಾಸದ ಮೇಲೆ. ಅಲ್ಲಿ ಜಾಗ ತುಂಬಿದ್ದರೆ ಬೇರೆ ಶಾಲೆಗೆ ಕಳಿಸುವುದೂ ಉಂಟು. ಲಸಿಕೆ ಮಾತ್ರ ಇಲ್ಲೇ ಸರಿಮಾಡಿಕೊಂಡು ಹೋಗಿ. ನಮ್ಮ ಸರ್ಕಾರಿ ಕಾರ್ಡಿನಲ್ಲಿ ಎಂಆರ್ (ದಡಾರ, ರುಬೆಲ್ಲಾ) ಇರುತ್ತದೆ, ಅಲ್ಲಿ ಕೇಳುವುದು ಎಂಎಂಆರ್, ಅಂದರೆ ಕೆಪ್ಪಟೆರಾಯನಿಗೂ ಸೇರಿಸಿ, ಎರಡು ಡೋಸ್. ಚಿಕನ್‌ಪಾಕ್ಸ್ (ಸೀತಾಳೆ ಸಿಡುಬು) ಲಸಿಕೆಯೂ ಎರಡು ಡೋಸ್ ಬೇಕು, ಅದು ನಮ್ಮ ಸರ್ಕಾರಿ ಪಟ್ಟಿಯಲ್ಲಿ ಇಲ್ಲ. ಮಕ್ಕಳ ಡಾಕ್ಟರ ಹತ್ತಿರ ಈ ವಾರವೇ ಹೋಗಿ ಮಾತಾಡಿ, ಡೋಸ್‌ಗಳ ನಡುವೆ ಅಂತರ ಬೇಕಾಗುತ್ತದೆ. ತಾರೀಖು ಸಮೇತ ಇಂಗ್ಲಿಷಿನಲ್ಲಿ ಬರೆಸಿ, ಸೀಲು ಹಾಕಿಸಿಕೊಳ್ಳಿ.

ಸೂಟ್‌ಕೇಸಿನಲ್ಲಿ ಜಾಗ ಇದ್ದರೆ ಕನ್ನಡ ಕಥೆಪುಸ್ತಕಗಳನ್ನು ತನ್ನಿ, ಒಂದು ಕಾಗುಣಿತದ ಪುಸ್ತಕವೂ ಇರಲಿ. ಬೇ ಏರಿಯಾದಲ್ಲಿ ವಾರಾಂತ್ಯದ ಕನ್ನಡ ತರಗತಿಗಳಿವೆ, ಸೇರಿಸಬಹುದು. ಮನೆ ಯಾವ ಕಡೆ ಸಿಕ್ಕಿತು ಅಂತ ತಿಳಿಸಿ. ಯಾವ ಶಾಲೆ ಬರುತ್ತದೆ, ಫಾರಂ ಎಲ್ಲಿ ತುಂಬಬೇಕು ಅನ್ನುವುದನ್ನು ನೋಡಿ ಹೇಳುತ್ತೇನೆ. ನಾನೂ ಆಗಸ್ಟ್ ಮೊದಲ ವಾರ ಹಾಸನದಿಂದ ವಾಪಸ್ ಹೊರಡುತ್ತೇನೆ.