ಹಳೇ ಪಿಸಿ ನೆಟ್‌ವರ್ಕ್‌ನಿಂದ ಬೂಟ್ ಆಗುತ್ತೆ, ಹೊಸ ಯುಇಎಫ್‌ಐ (ಬಯೋಸ್ ಜಾಗಕ್ಕೆ ಬಂದಿರೋ ಫರ್ಮ್‌ವೇರ್) ಲ್ಯಾಪ್‌ಟಾಪ್ ಆಗ್ತಿಲ್ಲ, ಡಿಎಚ್‌ಸಿಪಿಯಲ್ಲಿ (ಮಷೀನ್‌ಗಳಿಗೆ ಐಪಿ ವಿಳಾಸ ಹಂಚೋ ಸೇವೆ) ಏನು ತಪ್ಪಿದೆ?

ನೀವು ನೆಕ್ಸ್ಟ್-ಸರ್ವರ್ (ಬೂಟ್ ಫೈಲ್ ಇರೋ ಸರ್ವರ್‌ನ ವಿಳಾಸ) ಹಾಕಿದೀರ, ಫೈಲ್‌ನೇಮ್‌ನಲ್ಲಿ ಪಿಎಕ್ಸ್‌ಇಲಿನಕ್ಸ್.0 ಕೊಟ್ಟಿದೀರ, ಹೊಸ ಮಷೀನ್ ಐಪಿ ತಗೊಂಡು ಫೈಲೂ ಇಳಿಸ್ಕೊಂಡು ಆಮೇಲೆ ಸುಮ್ನೆ ಬೂಟ್ ಮೆನುಗೆ ವಾಪಸ್ ಬರುತ್ತೆ ಅಂತ ಬರ್ದಿದೀರ. ಫೈಲ್ ಇಳೀತು ಅಂದ್ರೆ ನೆಟ್‌ವರ್ಕ್, ಟಿಎಫ್‌ಟಿಪಿ (ಬೂಟ್ ಫೈಲ್ ಕಳಿಸೋ ಪ್ರೋಟೋಕಾಲ್) ಎಲ್ಲಾ ಸರಿ ಇದೆ, ಕೇಬಲ್ ಕಿತ್ತು ಹಾಕೋದು ಬಿಡಿ. ಕೊಡ್ತಿರೋ ಫೈಲೇ ತಪ್ಪು. ಅದು ಹಳೇ ಮಷೀನ್‌ಗಳ ಬಯೋಸ್‌ಗೆ ಅಂತ ಇರೋದು, ಯುಇಎಫ್‌ಐ ಅದನ್ನ ಓಡಿಸೋಕಾಗಲ್ಲ, ಅದಕ್ಕೆ ಡಾಟ್ ಇಎಫ್‌ಐ ಫೈಲೇ ಬೇಕು.

ಹಾಗಂತ ಹೆಸರು ಬದಲಾಯಿಸಿಬಿಟ್ರೆ ಹಳೇ ಮಷೀನ್‌ಗಳು ನಿಂತೋಗ್ತವೆ. ಯಾವ ಮಷೀನ್ ಕೇಳ್ತಿದೆ ಅಂತ ನೋಡಿ ಸರ್ವರ್ ಉತ್ತರ ಕೊಡ್ಬೇಕು, ಆ ಮಾಹಿತಿ ಕ್ಲೈಂಟ್ ಕಳಿಸೋ ಆಪ್ಷನ್ 93ರಲ್ಲೇ ಇರುತ್ತೆ. ದಯವಿಟ್ಟು ಒಂದ್ಸಲ ಸರ್ವರ್‌ನಲ್ಲಿ ಟಿಸಿಪಿಡಂಪ್ (ನೆಟ್‌ವರ್ಕ್ ಪ್ಯಾಕೆಟ್ ತೋರಿಸೋ ಟೂಲ್) ಹಾಕಿ, ಪೋರ್ಟ್ 67, 68 ಹಿಡಿದು, ವಿವರವಾಗಿ ತೋರಿಸೋ ಹಾಗೆ. ನಾನು ಮೊದಲ ಸಲ ಹಾಗೆ ನೋಡಿದಾಗ್ಲೇ ನನಗೆ ಇದು ಅರ್ಥ ಆಗಿದ್ದು: ಹಳೇ ಡೆಸ್ಕ್‌ಟಾಪ್ ಐಪಿ ಕೇಳಿ ಕಳಿಸಿದ ಡಿಸ್ಕವರ್ ಪ್ಯಾಕೆಟ್‌ನಲ್ಲಿ ಆರ್ಚ್ ಅನ್ನೋ ಸಾಲಿನ ಮುಂದೆ 0, ಪಕ್ಕದಲ್ಲಿದ್ದ ಹೊಸ ಲ್ಯಾಪ್‌ಟಾಪ್‌ದು 7. ಉಳಿದಿದ್ದೆಲ್ಲ ಹೆಚ್ಚುಕಮ್ಮಿ ಒಂದೇ ಥರ. 0 ಅಂದ್ರೆ ಬಯೋಸ್, 7 ಅಂದ್ರೆ 64 ಬಿಟ್ ಯುಇಎಫ್‌ಐ, ಕೆಲವು ಮಷೀನ್ 9 ಕಳಿಸ್ತವೆ, ಅದಕ್ಕೂ 7ರ ಫೈಲನ್ನೇ ಕೊಡಿ.

ನಿಮ್ಮ ಡಿಎಚ್‌ಸಿಪಿ ಸರ್ವರ್ ಸಾಫ್ಟ್‌ವೇರ್ ಡಿಎನ್‌ಎಸ್‌ಮಾಸ್ಕ್ ಆದ್ರೆ ಡಿಎಚ್‌ಸಿಪಿ-ಮ್ಯಾಚ್ ಸಾಲಿನಲ್ಲಿ ಕ್ಲೈಂಟ್-ಆರ್ಚ್ 7 ಬಂದ್ರೆ ಒಂದು ಟ್ಯಾಗ್ ಹಾಕು ಅಂತ ಬರೀರಿ, ಆ ಟ್ಯಾಗ್‌ಗೆ ಬೇರೆ ಡಿಎಚ್‌ಸಿಪಿ-ಬೂಟ್ ಸಾಲು ಕೊಡಿ, ಅಷ್ಟೇ. ಹೊಸದಾಗಿ ಹಾಕೋರು ಐಎಸ್‌ಸಿ ಡಿಎಚ್‌ಸಿಪಿ ಕಡೆ ಹೋಗ್ಬೇಡಿ, 2022ರಲ್ಲೇ ಅದರ ಸಪೋರ್ಟ್ ನಿಲ್ಲಿಸಿದಾರೆ, ಅದರ ಜಾಗದಲ್ಲಿ ಕಿಯಾ ಇದೆ. ರೌಟರ್ ಈಗಾಗಲೇ ಐಪಿ ಹಂಚ್ತಿದ್ದು ಅದನ್ನ ಮುಟ್ಟೋ ಹಾಗಿಲ್ಲ ಅಂದ್ರೆ ಅದೇ ನೆಟ್‌ವರ್ಕ್‌ನಲ್ಲಿ ಇನ್ನೊಂದು ಪೂರ್ತಿ ಡಿಎಚ್‌ಸಿಪಿ ಸರ್ವರ್ ಎಬ್ಬಿಸಬೇಡಿ, ಎರಡೂ ಐಪಿ ಹಂಚೋಕೆ ಶುರು ಮಾಡಿ ಎಲ್ಲರ ಕನೆಕ್ಷನ್ನೂ ಹಾಳಾಗುತ್ತೆ. ಡಿಎನ್‌ಎಸ್‌ಮಾಸ್ಕನ್ನ ಪ್ರಾಕ್ಸಿ ಮೋಡ್‌ನಲ್ಲಿ ಓಡಿಸಿ, ಐಪಿ ರೌಟರ್ ಕೊಡುತ್ತೆ, ಬೂಟ್ ಮಾಹಿತಿ ಮಾತ್ರ ಇದು ಕೊಡುತ್ತೆ. ಆಗ ಪಿಎಕ್ಸ್‌ಇ-ಸರ್ವಿಸ್ ಸಾಲು ಬರೀಬೇಕು, ಫೈರ್‌ವಾಲ್‌ನಲ್ಲಿ ಯುಡಿಪಿ 67, 69ರ ಜೊತೆ 4011ನೂ ಬಿಡ್ಬೇಕು.

ಮುಂದೆ ಐಪಿಎಕ್ಸ್‌ಇ ಅನ್ನೋ ನೆಟ್‌ವರ್ಕ್ ಬೂಟ್‌ಲೋಡರ್ ಬಳಸೋ ಯೋಚನೆ ಇದ್ರೆ (ಬಳಸಿ, ದೊಡ್ಡ ಇಮೇಜನ್ನ ಎಚ್‌ಟಿಟಿಪಿಯಲ್ಲಿ ಎಳೆಯುತ್ತೆ, ಟಿಎಫ್‌ಟಿಪಿ ಥರ ಸಣ್ಣ ಸಣ್ಣ ತುಂಡಾಗಿ ತೆವಳಲ್ಲ) ಒಂದು ಕಡೆ ಎಲ್ರೂ ಸಿಕ್ಕಿಹಾಕ್ಕೋತಾರೆ. ಐಪಿಎಕ್ಸ್‌ಇ ಎದ್ದ ಮೇಲೆ ಅದೂ ಮತ್ತೆ ಡಿಎಚ್‌ಸಿಪಿ ಕೇಳುತ್ತೆ, ನೀವು ಮತ್ತೆ ಐಪಿಎಕ್ಸ್‌ಇ ಫೈಲನ್ನೇ ಕೊಡ್ತೀರ, ಅದು ತನ್ನನ್ನೇ ಲೋಡ್ ಮಾಡ್ಕೊಂಡು ಸುತ್ತುತ್ತಾನೇ ಇರುತ್ತೆ. ಎರಡನೇ ಸಲ ಕೇಳುವಾಗ ಅದು ಯೂಸರ್ ಕ್ಲಾಸ್ ಅನ್ನೋ ಡಿಎಚ್‌ಸಿಪಿ ಆಪ್ಷನ್‌ನಲ್ಲಿ ತನ್ನ ಹೆಸರು ಹೇಳುತ್ತೆ, ಅದನ್ನ ನೋಡಿ ಬೂಟ್ ಸ್ಕ್ರಿಪ್ಟ್‌ನ ಯುಆರ್‌ಎಲ್ ಕೊಡಿ. ನೀವೇ ಬಿಲ್ಡ್ ಮಾಡಿದ ಇಎಫ್‌ಐ ಫೈಲ್ ಆದ್ರೆ ಸೆಕ್ಯೂರ್ ಬೂಟ್ ಆಫ್ ಮಾಡಿ ಟೆಸ್ಟ್ ಮಾಡಿ, ಸಹಿ ಇಲ್ಲದಿದ್ರೆ ಓಡಿಸಲ್ಲ.

ಇಷ್ಟಾದ್ಮೇಲೂ ಕೆಲವು ಮಷೀನ್‌ಗಳಲ್ಲಿ ಪಿಎಕ್ಸ್‌ಇ-ಇ51 (ಡಿಎಚ್‌ಸಿಪಿ ಉತ್ತರ ಬರ್ಲಿಲ್ಲ ಅನ್ನೋ ಎರರ್) ಬಂದ್ರೆ ಕಾನ್ಫಿಗ್ ತಿದ್ದೋಕೆ ಹೋಗ್ಬೇಡಿ, ಸ್ವಿಚ್ ನೋಡಿ. ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಲೂಪ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಇರೋ ಪೋರ್ಟ್ ಟ್ರಾಫಿಕ್ ಬಿಡೋಕೆ 30 ಸೆಕೆಂಡ್ ತಗೊಳ್ಳುತ್ತೆ, ಅಷ್ಟರಲ್ಲಿ ಮಷೀನ್ ಕೇಳಿ ಕೇಳಿ ಬಿಟ್ಟಿರುತ್ತೆ. ಆ ಪೋರ್ಟ್‌ಗೆ ಪೋರ್ಟ್‌ಫಾಸ್ಟ್ ಹಾಕಿ, ಈ ಕಾಯುವಿಕೆ ತಪ್ಪುತ್ತೆ.